ಮುದ್ರೆ

ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ
ತಕ್ಕಡಿ ರಿಪೇರಿ ನನ್ನ ಕಸುಬು.
ಇಪ್ಪತ್ತೆರಡು ವರ್ಷ.
ಮುಳ್ಳು ಎಷ್ಟು ವಾಲಿದರೆ ಯಾರ ಜೇಬಿಗೆ ಲಾಭ
ಕಣ್ಣಲ್ಲೇ ಹೇಳಬಲ್ಲೆ.

ಖಲಂದರ್ ತನ್ನ ತಕ್ಕಡಿ ತಂದಾಗೆಲ್ಲ
ಪರೀಕ್ಷೆಗೆಂದು ಒಂದು ತುಂಡೂ ತರುತ್ತಾನೆ,
ಬಾಳೆಲೆಯಲ್ಲಿ ಸುತ್ತಿ, ಇನ್ನೂ ಬೆಚ್ಚಗೆ.
"ಕಲೀಜಾ. ತೂಗಿ ಆದ್ಮೇಲೆ ನೀನೇ ಇಟ್ಕೋ, ರಕ್ತ ಆಗುತ್ತೆ."
ನಮ್ಮವ್ವ ಇದನ್ನು ಈಲಿ ಅನ್ನುತ್ತಿದ್ದಳು.
ಮಗಳ ಪುಸ್ತಕದಲ್ಲಿ ಯಕೃತ್ತು.
ಮೆಗ್ಗಾನ್ ಆಸ್ಪತ್ರೆಯಲ್ಲಿ ಲಿವರ್,
ಅದು ನನ್ನದು,
ಕಪ್ಪು ಪರದೆಯ ಮೇಲೆ
ಬೇಸಿಗೆಯ ತುಂಗೆಯಲ್ಲಿ ಎದ್ದ ಬಂಡೆಯಂತೆ ಬೂದು.

"ಎಷ್ಟು ತೂಗುತ್ತೆ ಮೇಡಂ?" ಕೇಳಿದ್ದೆ.
ಹೊಟ್ಟೆಗೆ ಬಳಿದ ಅಂಟು ತಣ್ಣಗೆ ಕೊರೆಯುತ್ತಿತ್ತು.
"ಒಂದೂವರೆ ಕೆಜಿ ಹತ್ತಿರ. ಯಾಕೆ?"
ಕಸುಬಿನ ಚಟ, ಅಂದೆ.
ನಕ್ಕಳು. ಆಮೇಲೆ ನಗದೆ
ಅಂಚು ಒರಟಾಗಿದೆ ಎಂದು ಬರೆದಳು.

ಒಳಗೆ ಇಬ್ಬರು ಬಾಡಿಗೆದಾರರು.
ಒಬ್ಬನ ಹೆಸರು ಎತ್ತಿದರೆ ಬೀದಿ ದನಿ ತಗ್ಗಿಸುತ್ತದೆ,
ಅವನಿಗೆಂದೇ ಗೋಡೆ ಮೇಲೆ ಕೆಂಪು ರಿಬ್ಬನ್ ಬರೆಸಿದ್ದಾರೆ.
ಇನ್ನೊಬ್ಬನಿಗೆ ಬೋರ್ಡಿಲ್ಲ.
ಚೀಟಿಯ ಮೂಲೆಯಲ್ಲಿ 'ಬಿ' ಎಂಬ ಒಂದೇ ಅಕ್ಷರ.
ಇಬ್ಬರಿಗೂ ಒಂದೇ ಮಾತ್ರೆ.
ಸಿಸ್ಟರ್ ಲವೀನಾ ಡಬ್ಬಿ ಕೊಡುತ್ತ ಹೇಳಿದ್ದಳು,
"ಬಾಗಿಲು ಎರಡು, ಕಾವಲು ಒಂದೇ.
ಕಾವಲಿನವನಿಗೆ ರಜೆ ಕೊಡಬೇಡಿ ತೀರ್ಥಪ್ಪ."

ಕೊಟ್ಟೆ.

ಆ ವರ್ಷ ಮೈ ಗಟ್ಟಿಯಿತ್ತು.
ಭಾವ ರಿಪ್ಪನ್‌ಪೇಟೆಯಿಂದ ಬಾಟಲಿಯಲ್ಲಿ ಹಸಿರು ರಸ ತಂದ:
"ಆ ಮಾತ್ರೆ ಈಲಿ ಸುಡುತ್ತೆ, ಇದನ್ನು ಕುಡಿ,
ನಲವತ್ತೆಂಟು ದಿನ, ಉಪ್ಪು ಹುಳಿ ಬಿಡು."
ಭಾವನಿಗೆ ಗೊತ್ತಿದ್ದದ್ದು ಅರ್ಧ,
ಕಾಮಾಲೆಯ ಅರ್ಧ.
ಮಾತ್ರೆ ಡಬ್ಬಿಯನ್ನು
ಹಿತ್ತಾಳೆ ಬಟ್ಟುಗಳ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ.
ನೂರು ಗ್ರಾಂ, ಐವತ್ತು ಗ್ರಾಂ, ಅದರ ಕೆಳಗೆ ಅದು.

ನಲವತ್ತು ದಾಟಿರಲಿಲ್ಲ.
ಕ್ಷೌರದಂಗಡಿಯ ಕನ್ನಡಿಯಲ್ಲಿ ಕಣ್ಣು ಕಂಡಿತು, ಅರಿಶಿನ.
ಉಚ್ಚೆ ಡಿಕಾಕ್ಷನ್ ಬಣ್ಣ.
ಬೋರ್ಡಿಲ್ಲದವನು ಮೊದಲು ಎದ್ದಿದ್ದ.
ವಾರ್ಡಿನಲ್ಲಿ ಹನ್ನೊಂದು ದಿನ,
ಬಾಯಿ ತುಂಬ ಕಹಿ,
ಪಕ್ಕದ ಮಂಚದವನ ಅಕ್ಕಿರೊಟ್ಟಿಯ ವಾಸನೆಗೇ ವಾಂತಿ.
ನೋವು? ಇರಲಿಲ್ಲ, ಅದೇ ಮೋಸ.
ಹಲ್ಲು ಕೂಗುತ್ತದೆ, ಕಿವಿ ಕೂಗುತ್ತದೆ,
ಈ ಒಂದೂವರೆ ಕೆಜಿ ಮಾತ್ರ
ಬಾಯಿ ಬಿಡದೆ ಸವೆಯುತ್ತದೆ,
ಮುಳ್ಳಿಲ್ಲದ ತಕ್ಕಡಿ.

ಹಾಲಮ್ಮ ರಂಪ ಮಾಡಲಿಲ್ಲ.
ನನ್ನಿಂದಾಗಿ ಮೂರು ಸೂಜಿ ಚುಚ್ಚಿಸಿಕೊಂಡವಳು,
ಮಗಳಿಗೂ ಮೂರು.
ತನ್ನ ನೆಗೆಟಿವ್ ಕಾಗದ
ಗ್ಯಾಸ್ ಪುಸ್ತಕದೊಳಗೆ ಮಡಚಿಟ್ಟಿದ್ದಾಳೆ,
ಎಂದೂ ಮುಖಕ್ಕೆ ಹಿಡಿದವಳಲ್ಲ.
ಮಂಚದ ಕಾಲಿಗೆ ಒರಗಿ ಕೂತು ಅಂದಳು,
"ಅಂಗಡಿ ತಕ್ಕಡಿಗೆ ವರ್ಷಾ ವರ್ಷಾ ಮುದ್ರೆ ಬೀಳದಿದ್ರೆ ದಂಡ.
ನಿನಗೆ ಯಾರು ಹಾಕ್ತಾರೆ ದಂಡ?"

ಈಗ ಆರು ತಿಂಗಳಿಗೊಮ್ಮೆ ಅಂಟು, ಪರದೆ,
ಒಂದು ಸೀಸೆ ರಕ್ತ.
ರಾತ್ರಿ ಒಂಬತ್ತಕ್ಕೆ ಮಾತ್ರೆ,
ಅವಳು ಟೀವಿ ಸದ್ದು ತಗ್ಗಿಸುತ್ತಾಳೆ, ಅಷ್ಟೇ,
ನಾನು ನುಂಗಿದ ಮೇಲೆ ಏರಿಸುತ್ತಾಳೆ.
ಬಾರಿನ ಮೆಟ್ಟಿಲ ಮೇಲಿಂದ ಹಳೆಯ ಗೆಳೆಯರು ಕರೆದರೆ
ಪಿತ್ತ ಕಣ್ರೋ, ಅನ್ನುತ್ತೇನೆ.
ಪೂರ್ತಿ ಸುಳ್ಳೂ ಅಲ್ಲ.

ಖಲಂದರನ ತುಂಡು ತಟ್ಟೆಯ ಮೇಲಿದೆ.
ನುಣುಪು, ಕಂದುಗೆಂಪು, ಅಂಚು ಚೂಪು,
ಹರೆಯದ ಮೇಕೆಯದು.
ನೊಣ ಓಡಿಸುವುದನ್ನೂ ಮರೆತು ನೋಡಿದೆ.
ಮುಳ್ಳು ನಡುಗಿ ನಡುಗಿ ನಿಂತಿತು.
"ಸರಿ ಇದೆಯಾ?"
"ಹತ್ತು ಗ್ರಾಂ ಸುಳ್ಳು ಹೇಳುತ್ತೆ."
ತಿರುಪು ಕಾಲು ಸುತ್ತು ತಿರುಗಿಸಿದೆ.
"ಕಲೀಜಾ ನೀನೇ ಒಯ್ಯಿ ಮಾರಾಯ,
ನಮ್ಮನೇಲಿ ಸೋಮವಾರ ತಿನ್ನಲ್ಲ."

ಇವತ್ತು ಬುಧವಾರ.
ಅವನು ಬಾಳೆಲೆ ಮಡಚಿದ,
ದಾರ ಸುತ್ತಿದ,
ನನ್ನ ಕಣ್ಣನ್ನು ಒಂದು ಗಳಿಗೆ ನೋಡಿದ.
"ಹೌದಲ್ಲ, ಸೋಮವಾರ," ಅಂದ.