ದಮ್ಮು

ಬ್ಯಾಡಗಿಯ ಗೋದಾಮಿನಲ್ಲಿ ಬೆಳಗಿನ ಎಂಟಕ್ಕೆ
ಮಡಚುವ ಮೇಜಿನ ಮೇಲೆ ಯಂತ್ರ ಜೋಡಿಸುತ್ತೇನೆ:
ಒಂದು ಕೊಳವೆ, ಒಂದು ಪರದೆ, ನೂರು ರಟ್ಟಿನ ಬಾಯಿ,
ಮೂಗಿಗೊಂದು ಕ್ಲಿಪ್ಪು.
ಮೂರು ಸಲ ಸೀನುತ್ತೇನೆ. ಅದೇ ನನ್ನ ನಮಸ್ಕಾರ.
ಯಾರೂ ತಲೆ ಎತ್ತುವುದಿಲ್ಲ.
ಕೆಂಪು ರಾಶಿಯ ಸುತ್ತ ಕೂತು ತುಂಬು ಬಿಡಿಸುತ್ತಾರೆ,
ಟಿಕ್ಕು, ಟಿಕ್ಕು,
ಸೆರಗಿನೊಳಗೆ ಮೂಗು, ಮೂಗಿನೊಳಗೆ ಘಾಟು.

ಮೊದಲು ಬಂದವಳು ಗುತ್ತೆವ್ವ ಹಲಗೇರಿ.
ವಯಸ್ಸು ಐವತ್ತೆರಡು, ಅಂದಾಜು.
ಎತ್ತರ ಗೋಡೆಗೆ ನಿಲ್ಲಿಸಿ ಅಳೆದದ್ದು, ಖಚಿತ.
ಕ್ಲಿಪ್ಪು ನೋಡಿ ನಕ್ಕಳು:
"ಮೂಗ ಹಿಡದ್ರ ಬಾಯಿ ಬಿಡತಾರ ಅಂತ
ನಿಮ್ಮ ಸಾಹೇಬ್ರಿಗೂ ಗೊತ್ತಾತೇನ?"

"ಎಳಕೊಳ್ರಿ, ಇನ್ನಷ್ಟು ಎಳಕೊಳ್ರಿ, ಈಗ ಊದ್ರಿ,
ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಊದ್ರಿ!"
ಕುಸ್ತಿ ಕಣದ ಅಂಚಿನಲ್ಲಿ ನಿಂತವಳಂತೆ
ಆರು ಸೆಕೆಂಡು ಕೂಗುವುದು ನನ್ನ ನೌಕರಿ.
ನಲವತ್ತು ವರ್ಷ ಒಲೆ ಊದಿದವಳಿಗೆ
ಊದುವುದನ್ನು ನಾನು ಕಲಿಸಬೇಕಾಗಿರಲಿಲ್ಲ.
ಗೆರೆ ನೆಟ್ಟಗೆ ಏರಿತು. ಇಳಿಯುವಾಗ ಒಳಕ್ಕೆ ಬಾಗಿತು,
ಹಗ್ಗದ ಮೇಲೆ ಒಣಹಾಕಿದ ಸೀರೆ
ನಡುವೆ ಜೋತುಬಿದ್ದ ಹಾಗೆ.

ಫಾರ್ಮು ಕೇಳುತ್ತದೆ: ಕಳೆದ ಹನ್ನೆರಡು ತಿಂಗಳಲ್ಲಿ
ಉಬ್ಬಸ ಕಾಣಿಸಿಕೊಂಡಿದೆಯೇ?
ಹಾಗೆ ಕೇಳಿದರೆ ಇಲ್ಲಿ ಮುಖ ನೋಡುತ್ತಾರೆ.
"ದಮ್ಮು ಐತೇನ್ರಿ?" ಅಂದೆ.
"ಐತಿ. ಎರಡು ಚೀಲ ಎತ್ತೂವಷ್ಟು ಐತಿ."
"ಆ ದಮ್ಮಲ್ರೀ."
"ಬೀಡೀದಾ? ಅದು ನಮ್ಮ ಮನ್ಯಾವಂದು."
"ಅದೂ ಅಲ್ಲ. ರಾತ್ರಿ ಮಲಗಿದಾಗ ಎದಿಯೊಳಗ..."
ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.
"ಓ, ಬೆಕ್ಕ?" ಅಂದಳು.
"ಗುರ್ ಗುರ್ ಅಂತೈತಿ. ಎದ್ದು ಕುಂತ್ರ ಸುಮ್ಮನಾಗತೈತಿ.
ಪ್ಯಾಟಿ ಇದ್ದ ದಿನ ಎರಡು ಬೆಕ್ಕು."

ಬೆಕ್ಕಿಗೆ ಅಲ್ಲಿ ಚೌಕವಿಲ್ಲ.
ಇದೆ, ಮೂರನೇ ಪುಟದಲ್ಲಿ:
ಮನೆಯಲ್ಲಿ ಸಾಕುಪ್ರಾಣಿಗಳಿವೆಯೇ?
ನನ್ನ ಪೆನ್ನು ಒಂದು ಕ್ಷಣ ಅಲ್ಲೇ ಸುಳಿದಾಡಿತು.

ಹೋಲಿಸಿ ನೋಡಲು ಇನ್ನೂ ನೂರು ಜನ ಬೇಕು,
ಇದೇ ಸೀಮೆಯವರು, ಇದೇ ವಯಸ್ಸಿನವರು,
ಘಾಟು ಕುಡಿಯದವರು.
ಹುಬ್ಬಳ್ಳಿಯ ತಣ್ಣನೆ ಕೋಣೆಯಲ್ಲಿ ಈ ಸಾಲು ಸಲೀಸಾಗಿತ್ತು.
ಇಲ್ಲಿ ಟೇಲರ್ ಮಾನಪ್ಪ ಟೇಪು ಹಿಡಿದು ಕೆಮ್ಮಿದ.
ಅಂಗನವಾಡಿ ಅಕ್ಕೋರು ಆನೆಗೂ ಇಲಿಗೂ ನಡುವೆ ಸೀನಿದರು.
ಬ್ಯಾಂಕಿನಲ್ಲಿ ಎಣಿಸಿ ಕೊಟ್ಟ ನೋಟಿಗೂ ಘಾಟು.
"ಸರ್, ಈ ಊರಾಗ ಬರೇ ಗಾಳಿ ಸಿಗೂದಿಲ್ಲ."
"ಮೋಟೆಬೆನ್ನೂರಲ್ಲಿ ನೋಡಿ," ಅಂದರು ಫೋನಿನಲ್ಲಿ.
ಹೋಗಿ ನೋಡಿದೆ.
ಅಲ್ಲಿಯ ಹೆಂಗಸರು ಬೆಳಗಿನ ಟೆಂಪೋ ಹತ್ತಿ
ಇಲ್ಲಿಗೇ ಬಂದಿದ್ದರು.

ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತು ಗುತ್ತೆವ್ವ ಕೇಳಿದಳು,
"ಎಲ್ಲಾರನ್ನೂ ಊದಸ್ತೀ. ನೀ ಒಮ್ಮಿ ಊದು ನೋಡೂಣು."
ಟಿಕ್ಕು ಟಿಕ್ಕು ನಿಂತಿತು.
ಹೊಸ ರಟ್ಟು ಹಾಕಿ, ಮೂಗು ಹಿಡಿದು ಕೂತೆ.
ಈ ಸಲ ಕೂಗುವವರು ಅವರು:
ಊದ, ಊದ, ಊದ, ಬಿಡಬ್ಯಾಡ, ಊದವ್ವಾ!
ಬೈಪಾಸ್ ಪಕ್ಕದ ಮನೆಯಲ್ಲಿ ಬೆಳೆದವಳು ನಾನು.
ನನ್ನ ಸೀರೆಯೂ ಕೊಂಚ ಜೋತುಬಿತ್ತು.
"ಇಕಿಗೂ ಬೆಕ್ಕೈತಿ!" ಮಾಬುಬಿ ಕೂಗಿದಳು.
ಗುತ್ತೆವ್ವ ಪರದೆಗೆ ಕಣ್ಣು ಹತ್ತಿರ ತಂದು
ವೈದ್ಯರಿಗಿಂತ ನಿಧಾನವಾಗಿ ನೋಡಿ ಹೇಳಿದಳು:
"ಮರಿ. ಇನ್ನಾ ಮರಿ."

ಸಂಜೆ ಪಂಪಿನಿಂದ ಸೋಸುಕಾಗದ ತೆಗೆದೆ.
ಬೆಳಿಗ್ಗೆ ಬಿಳಿ, ಈಗ ಇಟ್ಟಂಗಿಯ ಬಣ್ಣ.
ನಾಳೆ ಇದನ್ನು ಮಿಲಿಗ್ರಾಮಿನಲ್ಲಿ ತೂಗುತ್ತಾರೆ.
ಆಚೆ ಮೂಲೆಯಲ್ಲಿ ಮುನೀಮ ಬುಟ್ಟಿ ತೂಗುತ್ತಿದ್ದ,
ಕಿಲೋಕ್ಕೆ ಇಷ್ಟು ಎಂದು ಕೂಗಿ ಹೇಳುತ್ತ.

ಫಾರ್ಮಿನ ಕಟ್ಟು ಕೈಗೆತ್ತಿಕೊಂಡೆ.
ಹಾಳೆ ಹಾಳೆಗೂ ಕೆಂಪು ಹುಡಿ, ಬೆರಳಚ್ಚು.
ಝಾಡಿಸಲು ಎತ್ತಿದ ಕೈಯನ್ನು ಗುತ್ತೆವ್ವ ಹಿಡಿದಳು.
"ಇದನ್ನ ಓದಾವರು ಯಾರು?"
"ದೊಡ್ಡ ಡಾಕ್ಟ್ರು. ಬೇರೆ ಊರವರು."
"ಹಂಗಾರ ಝಾಡಸಬ್ಯಾಡ.
ಇದ್ದಂಗ ಒಯ್ಯಿ."