ಎರಡನೇ ಮುದ್ರಣ

ಲಿಮ್‌ಫ್ಯೋರ್ಡಿನ ದಂಡೆಗೆ ನಮ್ಮ ಅಚ್ಚುಕೂಟ.
ಮದುವೆ ಕಾಗದ, ಮೀನಿನ ಡಬ್ಬಿಯ ಚೀಟಿ,
ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಪಕ್ಷಗಳ ಕರಪತ್ರ.
ಮಸಿಗೆ ಮತವಿಲ್ಲ, ಅನ್ನುತ್ತಿದ್ದರು ನನ್ನ ಮಾವ.

ಹನ್ನೆರಡು ವರ್ಷದ ಹಿಂದೆ ಪ್ರೇಬೆನ್ ಬಂದಿದ್ದ.
ಮೂರೇ ಜನರ ಪಕ್ಷ, ಮುದುಡಿದ ಹಾಳೆ,
ಸಾಲಿಗೊಂದು ಉದ್ಗಾರ ಚಿಹ್ನೆ.
ಅಚ್ಚು ಹಾಕಿದೆವು; ಅಡಿಯಲ್ಲಿ ನಮ್ಮ ಹೆಸರು ಹಾಕಲಿಲ್ಲ.
ಅವತ್ತೇ ಬಂದ ಟೋರ್ಕಿಲ್, ದೊಡ್ಡ ಪಕ್ಷದವನು,
ಒಂದನ್ನು ಎರಡೇ ಬೆರಳಲ್ಲಿ ಎತ್ತಿ,
ಸತ್ತ ಇಲಿಯ ಬಾಲ ಹಿಡಿದವನ ಹಾಗೆ,
"ಇಂಥದ್ದನ್ನೂ ಹಾಕ್ತೀಯಾ, ಡಾಗ್ನಿ?" ಎಂದ.
ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈ ಅಕ್ಟೋಬರಿನಲ್ಲಿ ಟೋರ್ಕಿಲ್ ಪೆನ್‌ಡ್ರೈವ್ ತಂದ.
ಕೋಪನ್‌ಹೇಗನ್ನಿನವರು ಬರೆದದ್ದು, ನಾನಲ್ಲ, ಅಂದ,
ನಾನು ಕೇಳುವ ಮುಂಚೆಯೇ.
ಎರಡನೇ ಪ್ಯಾರಾದಲ್ಲಿ ನನ್ನ ಕೈ ನಿಂತಿತು:
ಎಲ್ಲೋ ಜೋಡಿಸಿದ್ದೇನಲ್ಲ ಈ ಸಾಲುಗಳನ್ನು!
ಹಳೆಯ ಕಡತ ಹುಡುಕಿ ಪಕ್ಕಕ್ಕಿಟ್ಟೆ.
"ಅವರು" ಇದ್ದಲ್ಲಿ "ಕೆಲವರು".
"ಓಡಿಸಿ" ಇದ್ದಲ್ಲಿ "ಮರಳಲು ನೆರವಾಗಿ".
ಉದ್ಗಾರ ಚಿಹ್ನೆಗಳಿಗೆ ಮಾತ್ರ ನುಣ್ಣಗೆ ಕ್ಷೌರ.

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಅಂದ.
ತೆಗೆದವರು ಎರಡನ್ನೂ ಎಸೀತಾರೆ, ಟೋರ್ಕಿಲ್ —
ನಾಲಗೆಯ ತುದಿಗೆ ಬಂತು. ನುಂಗಿದೆ.
ಐದು ಸಾವಿರ ಪ್ರತಿ, ಮುಂಗಡ ಕೊಟ್ಟಿದ್ದ,
ನಮ್ಮ ಬಾಯ್ಲರ್ ಕೆಟ್ಟಿತ್ತು.
ದೊಡ್ಡ ಪಕ್ಷವಲ್ಲವೇ, ಈ ಸಲ
ಅಡಿಯಲ್ಲಿ ನಮ್ಮ ಹೆಸರಿದೆ, ದಪ್ಪಕ್ಷರದಲ್ಲಿ.

ಅಷ್ಟರಲ್ಲಿ ಇದಿಲ್ ಕಾಫಿ ತಂದಳು.
ಮಡಿಸುವ ಯಂತ್ರ ನೋಡಿಕೊಳ್ಳುವ ಹುಡುಗಿ,
ಹುಟ್ಟಿದ್ದು ಇದೇ ಊರ ಆಸ್ಪತ್ರೆಯಲ್ಲಿ;
ಅವಳಪ್ಪ ಇಪ್ಪತ್ತು ಮೇ ದಿನ
ಟೋರ್ಕಿಲ್‌ನ ಪಕ್ಷದ ಬಾವುಟ ಹೊತ್ತವನು.
ಟೋರ್ಕಿಲ್ ಅವಳಮ್ಮನ ಮಂಡಿನೋವು ವಿಚಾರಿಸಿದ.
ನಿಜವಾಗಿಯೇ ವಿಚಾರಿಸಿದ, ಡಾಕ್ಟರ ಹೆಸರೂ ಹೇಳಿದ,
ಹೇಳುತ್ತಲೇ ಇನ್ನೊಂದು ಕೈಯಿಂದ
ಕರಡಚ್ಚನ್ನು ಮೇಜಿನ ಮೇಲೆ ಬೋರಲು ಹಾಕಿದ.

ಮರುದಿನ ಪ್ರೇಬೆನ್. ಈಗ ಒಳ್ಳೆಯ ಕೋಟು.
ಹೋದ ಸಲದ ಅರ್ಧ ಸಾಕು, ಅಂದ:
"ನನ್ನದನ್ನ ಅವರೇ ಹಾಕಿಸ್ತಿದಾರಲ್ಲ."
ನಗಲಿಲ್ಲ. ಕಾಗದದ ದರ ಕೇಳಿ ಹೋದ.

ಸಂಜೆ ಮೇಜು ಒರೆಸುವಾಗ ಕಂಡಿತು:
ನಿನ್ನೆ ಮಸಿ ಆರಿರಲಿಲ್ಲ.
ಬಿಳಿಯ ಫಾರ್ಮಿಕಾದ ಮೇಲೆ ಆ ಪ್ಯಾರಾ
ಹಿಂದುಮುಂದಾಗಿ ಕೂತಿತ್ತು.
ಸ್ಪಿರಿಟ್ ಸುರಿದು ಉಜ್ಜಿದೆ, ಉಜ್ಜಿದೆ.
"ಬಿಡಿ ಡಾಗ್ನಿ" ಅಂದಳು ಇದಿಲ್, "ತೆಳು ಕಾಗದ,
ಬೆನ್ನ ಕಡೆಯಿಂದ ಓದೋದು ನನಗೆ ಅಭ್ಯಾಸ."

ಹೋಗಿ ಯಂತ್ರದ ಗುಂಡಿ ಒತ್ತಿದಳು.
ಇನ್ನೂ ಮೂರು ಸಾವಿರ ಮಡಿಸುವುದಿತ್ತು.