ಒಂದಕ್ಕೆ ನೂರಿಪ್ಪತ್ತು

ಕಾಫಿಯ ಗಸಿ ಚೆಲ್ಲಬೇಡ ಎಂದು
ಹೇಳಿ ಹೇಳಿ ನನಗೆ ಸಾಕಾಗಿ
ಈಗ ಗೆರ್ಲಿಂಡೆಯೇ ಅದನ್ನು ಕಿಟಕಿಕಟ್ಟೆಯ ಮೇಲೆ ಒಣಗಹಾಕುತ್ತಾಳೆ.
ಉತ್ತ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ.
ಮರಗಳಿಗೆ ಹಾದಿಬದಿಯ ಒಣ ಹೂದಂಟು,
ತಂತಿಕಂಬಕ್ಕೆ ಹಳೆಯ ಟೆಲಿಫೋನಿನ ಕರುಳು,
ಹುಲ್ಲಿಗೆ ನೈಲಾನಿನ ಹುಡಿ.
ಕರೆಂಟು ಹಾಯಿಸಿದ ಜರಡಿಯಿಂದ ಉದುರಿಸಿದರೆ
ಅಂಟಿನ ಮೇಲೆ ಬಿದ್ದದ್ದೆಲ್ಲ ಎದ್ದು ನಿಲ್ಲುತ್ತದೆ,
ಮೈ ನವಿರೆದ್ದ ಹಾಗೆ.

ಕಾಟ್‌ಬುಸ್ಸಿನ ಈ ಐದಂತಸ್ತಿನ ಕಟ್ಟಡದ ನೆಲಮಾಳಿಗೆಯಲ್ಲಿ
ಸೈಕಲ್ಲುಗಳನ್ನೂ ಉಪ್ಪುಸೌತೆಯ ಜಾಡಿಗಳನ್ನೂ ಪಕ್ಕಕ್ಕೆ ತಳ್ಳಿ
ಎರಡು ಹಳೆ ಬಾಗಿಲು ಜೋಡಿಸಿ
ವೈಡ್ನಿಟ್ಸ್ ಎಂಬ ಊರಿನ ಸ್ಟೇಷನ್ನು ಕಟ್ಟುತ್ತಿದ್ದೇನೆ.
ನಕ್ಷೆಯಲ್ಲಿ ಹುಡುಕಬೇಡಿ. ಅಲ್ಲೀಗ ಕೆರೆಯಿದೆ,
ದೋಣಿ ಬಾಡಿಗೆಗೆ ಸಿಗುತ್ತದೆ.
ನೀರಿಗೆ ಮುಂಚೆ ಗುಂಡಿ.
ಗುಂಡಿಗೆ ಮುಂಚೆ ನೂರಾ ಹನ್ನೊಂದು ಮನೆ,
ಎರಡು ಭಾಷೆಯ ಒಂದು ಬೋರ್ಡು:
ಮೇಲೆ ಜರ್ಮನ್ನಿನಲ್ಲಿ ವೈಡ್ನಿಟ್ಸ್,
ಕೆಳಗೆ ನಮ್ಮ ಸೋರ್ಬಿಯನ್ನಿನಲ್ಲಿ, ಚಿಕ್ಕ ಅಕ್ಷರದಲ್ಲಿ, ವೆರ್ಬ್ನಿಕ್.

ಒಂದೇ ಕೂದಲಿನ ಕುಂಚ. ಉಸಿರು ಬಿಗಿಹಿಡಿದು ಬರೆದೆ.
ಚಿಕ್ಕದನ್ನು ಇನ್ನೂ ಚಿಕ್ಕದು ಮಾಡಿದರೆ ಕಾಣುವುದೇ ಇಲ್ಲ,
ಹಾಗಾಗಿ ಎರಡೂ ಒಂದೇ ಸಮ ಆದವು.
ಅಳತೆ ತಪ್ಪಿತು. ಇರಲಿ.

ಗುರುವಾರ ಗುರುವಾರ ಲೆಯ್ನಾ ಶೋಲ್ಚಿತ್ಸ್ ಬರುತ್ತಾಳೆ,
ಎಂಬತ್ತಮೂರು ವಯಸ್ಸು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ.
ಹತ್ತೊಂಬತ್ತು ವರ್ಷ ಅಲ್ಲಿ ಟಿಕೇಟು ಹರಿದವಳು.
ಕೊನೆಯ ಮೆಟ್ಟಿಲು ಇಳಿಯುವ ಮೊದಲೇ
‘ಅಲ್ಲ’ ಎನ್ನುತ್ತಾಳೆ.
ಬೆಂಚು ಬಾಗಿಲಿನ ಎಡಕ್ಕೆ.
ಪೇರ್ ಮರ ಶೌಚಾಲಯದ ಕಡೆ ವಾಲಿತ್ತು, ಕಾರಣ ಕೇಳಬೇಡ.
ದಬ್ಬೆಯ ಪೈಪು ಅಷ್ಟು ನೆಟ್ಟಗಿದ್ದದ್ದು ಯಾವ ಕಾಲದಲ್ಲಿ?
ಅವಳ ನೆನಪಿಗೂ ಫೋಟೋಕ್ಕೂ ಜಗಳ ಬಂದ ದಿನ
ನಾನು ಫೋಟೋವನ್ನು ಬೋರಲು ಹಾಕುತ್ತೇನೆ.

ಗಡಿಯಾರದ ಮುಳ್ಳು ಎಲ್ಲಿಡಲಿ ಎಂದರೆ
ಎರಡು ವಾರ ಯೋಚಿಸಿ ಬಂದಳು.
‘ಅದು ಯಾವತ್ತೂ ಹತ್ತು ನಿಮಿಷ ಮುಂದೆ.
ಅದರ ದೆಸೆಯಿಂದ ನಮ್ಮೂರಲ್ಲಿ ಒಬ್ಬರೂ ಗಾಡಿ ತಪ್ಪಿಸಿಕೊಂಡಿಲ್ಲ.’
ಆರೂ ನಲವತ್ತರ ಗಾಡಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆ.
ಮುಳ್ಳು ಆರೂ ಐವತ್ತು.

ಅಂಗಡಿಯ ಪ್ಲಾಸ್ಟಿಕ್ ಕಲ್ಲಿದ್ದಲು ಮಿರಮಿರ ಮಿಂಚುತ್ತದೆ, ಸುಳ್ಳು.
ನನ್ನ ಹತ್ತಿರ ಕೊನೆಯದೊಂದು ಇದ್ದಲಿಟ್ಟಿಗೆ ಉಳಿದಿತ್ತು,
ಅರಿವೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ
ಚಹಾ ಸೋಸುವ ಜಾಲರಿಯಲ್ಲಿ ಜಾಳಿಸಿ
ಹನ್ನೊಂದು ವ್ಯಾಗನ್ನಿಗೆ ತುಂಬಿದೆ.
ಊರಿನ ನಡುವೆಯೇ ಹಾದು ಹೋಗುತ್ತದೆ ಆ ಗಾಡಿ,
ಊರಿನ ಕೆಳಗಿದ್ದದ್ದನ್ನೇ ಹೇರಿಕೊಂಡು.

ಅವಳಿಗೆ ನಾನು ಹೇಳಿಲ್ಲ.
ಎಂಬತ್ತಾರರ ಚಳಿಗಾಲ ಅಗೆಯುವ ಯಂತ್ರದ ಮೇಲೆ
ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ನಾನು.
ದೀಪಗಳು ನನ್ನ ಲೆಕ್ಕ. ಅಗೆದವರು ಬೇರೆ,
ನಾನು ಬರೀ ಕಾಣುವ ಹಾಗೆ ಮಾಡಿದೆ.
ಆ ಯಂತ್ರವನ್ನು ಇದೇ ಅಳತೆಗೆ ಇಳಿಸಿದರೂ ನಾಲ್ಕು ಮೀಟರು,
ಈ ನೆಲಮಾಳಿಗೆ ಸಾಲದು.
ಒಳ್ಳೆಯ ನೆವ ಅದು, ಅಳೆದು ನೋಡಿದ್ದೇನೆ.

ಈ ಗುರುವಾರ ಅವಳ ಮನೆಗೆ ದೀಪ ಕೂರಿಸಿದೆ,
ಅಕ್ಕಿಕಾಳಿಗಿಂತ ಸಣ್ಣ ಹಳದಿ ಬಲ್ಬು, ಅಡುಗೆಮನೆಯ ಕಿಟಕಿಯ ಹಿಂದೆ.
ಮೇಲಿನ ಲೈಟು ಆರಿಸಿದೆ.
ಇಡೀ ಊರು ಕತ್ತಲು, ಒಂದು ಕಿಟಕಿ.
ಭೂತಗನ್ನಡಿ ಎತ್ತಿದಳು. ಬಹಳ ಹೊತ್ತು ನೋಡಿದಳು.
‘ಅಲ್ಲ. ಕೊನೆಯ ಚಳಿಗಾಲ ಅದು ಬಿಳಿ ಇತ್ತು.
ಹೊರಗಿನಿಂದ ಬೀಳುತ್ತಿತ್ತು, ಬೆಳಗಿನ ತನಕ.
ಒಂದು ಸ್ವೆಟರನ್ನೇ ಹೆಣೆದು ಮುಗಿಸಿದೆ,
ಕರೆಂಟಿಗೆ ಒಂದು ಕಾಸು ಖರ್ಚಿಲ್ಲದೆ.’
ನಕ್ಕಳು. ಕೋಟು ಹಾಕಿಕೊಂಡಳು.

ಬಿಳಿ ಬಲ್ಬೂ ಇದೆ, ಎರಡನೇ ಡ್ರಾಯರಿನಲ್ಲಿ,
ಬೆಂಕಿಪೊಟ್ಟಣದೊಳಗೆ.
ಬೆಂಚನ್ನು ಮಾತ್ರ
ಎಡಕ್ಕೆ ಸರಿಸಿದ್ದೇನೆ.